ವಿಯೆನ್ನಾದಲ್ಲಿ ಸಂಜೆ ಕಳೆಯುವುದು ಹೇಗೆ: ಒಪೆರಾದ ಕಟಕಟೆಯಿಂದ ರಾತ್ರಿ ಬಸ್ಸಿನವರೆಗೆ

ವಿಯೆನ್ನಾದ ಸಂಜೆ ಬೇಗ ಶುರುವಾಗುತ್ತದೆ. ಒಪೆರಾ, ಅಂದರೆ ಹಾಡುತ್ತಲೇ ಆಡುವ ನಾಟಕ, ಮತ್ತು ಸಂಗೀತ ಕಚೇರಿಗಳು ಸಾಮಾನ್ಯವಾಗಿ ಏಳು, ಏಳೂವರೆಗೆ ಆರಂಭ. ಒಪೆರಾ ರಚನೆಕಾರ ವಾಗ್ನರ್‌ನ ಉದ್ದನೆಯ ಕೃತಿಯಾದರೆ ಸಂಜೆ ಐದು, ಐದೂವರೆಗೇ ಪರದೆ ಏಳುತ್ತದೆ. ಬಹುಪಾಲು ಹೋಟೆಲುಗಳ ಅಡುಗೆಮನೆ ರಾತ್ರಿ ಹತ್ತರ ಸುಮಾರಿಗೆ ಮುಚ್ಚುತ್ತದೆ. ಬೀದಿಬದಿಗೆ ಹಾಕಿದ ಮೇಜು ಕುರ್ಚಿಗಳಲ್ಲಿ ಸಾಮಾನ್ಯವಾಗಿ ಹನ್ನೊಂದರ ನಂತರ ಕೂರಿಸುವುದಿಲ್ಲ. ಬಾರು, ಕ್ಲಬ್ಬುಗಳಿಗೆ ಕಳೆ ಬರುವುದು ಅದಾದ ಮೇಲೆ, ಅದೂ ಬೇರೆ ಬೀದಿಗಳಲ್ಲಿ. ಈ ಗಡಿಯಾರ ತಿಳಿಯದೆ ಎಂಟು ಗಂಟೆಗೆ ನಿಧಾನವಾಗಿ ಊಟ ಮುಗಿಸಿ "ಇನ್ನು ಏನಾದರೂ ನೋಡೋಣ" ಎಂದು ಹೊರಟವರಿಗೆ ನಗರದ ಅತ್ಯುತ್ತಮ ಭಾಗ ಆಗಲೇ ಕೈತಪ್ಪಿರುತ್ತದೆ.

ಆದ್ದರಿಂದ ಒಂದು ಸಂಜೆಗೆ ಒಂದೇ ಮುಖ್ಯ ಕಾರ್ಯಕ್ರಮ ಇಟ್ಟುಕೊಳ್ಳಿ. ಅದರ ಹಿಂದೆ ಮುಂದೆ ಒಂದೊಂದು ಸಣ್ಣದು ಸಾಕು. ದುಡ್ಡಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಈ ಊರಿನಲ್ಲಿ ದುಬಾರಿ ಟಿಕೆಟ್ಟಿಗಿಂತ ಸರಿಯಾದ ಹೊತ್ತಿಗೆ ಸರಿಯಾದ ಬಾಗಿಲ ಮುಂದೆ ನಿಂತಿರುವುದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಒಪೆರಾ: ನಿಂತು ನೋಡುವ ಜಾಗ

ಸ್ಟಾಟ್ಸ್‌ಓಪರ್, ಅಂದರೆ ಸರ್ಕಾರಿ ಒಪೆರಾ ಮಂದಿರ, 1869ರಲ್ಲಿ ತೆರೆಯಿತು. 1945ರ ಮಾರ್ಚ್‌ನಲ್ಲಿ ಬಾಂಬ್ ದಾಳಿಗೆ ಸಿಕ್ಕಿ ಸುಟ್ಟುಹೋಯಿತು. ಮತ್ತೆ ಕಟ್ಟಿ 1955ರ ನವೆಂಬರ್ 5ರಂದು ಬಾಗಿಲು ತೆರೆದರು. ಸೆಪ್ಟೆಂಬರ್‌ನಿಂದ ಜೂನ್ ಕೊನೆಯವರೆಗೆ ಹೆಚ್ಚುಕಡಿಮೆ ಪ್ರತಿ ರಾತ್ರಿ ಇಲ್ಲಿ ಪ್ರದರ್ಶನ ಇರುತ್ತದೆ, ಒಂದು ದಿನ ಇದ್ದದ್ದು ಮರುದಿನ ಇರುವುದಿಲ್ಲ. ಒಳ್ಳೆಯ ಕುರ್ಚಿಗಳ ಬೆಲೆ ಇನ್ನೂರು ಯೂರೋ ದಾಟುತ್ತದೆ. ಆದರೆ ಪ್ರತಿ ಪ್ರದರ್ಶನಕ್ಕೂ ನಾನೂರಕ್ಕೂ ಹೆಚ್ಚು ನಿಲ್ಲುವ ಜಾಗಗಳಿವೆ, ಬೆಲೆ ಇಪ್ಪತ್ತು ಯೂರೋ ಒಳಗೆ. ಜರ್ಮನ್‌ನಲ್ಲಿ ಇದಕ್ಕೆ ಷ್ಟೇಪ್ಲಾಟ್ಸ್ ಎನ್ನುತ್ತಾರೆ. ಕೇಳುವಾಗ ಈ ಒಂದು ಪದ ಸಾಕು.

ಈ ಟಿಕೆಟ್ಟುಗಳು ಪ್ರದರ್ಶನದ ದಿನವೇ ಮಾರಾಟಕ್ಕೆ ಬರುತ್ತವೆ. ಒಪೆರಾದ ಅಧಿಕೃತ ಜಾಲತಾಣದಲ್ಲಿ ಬೆಳಿಗ್ಗೆ ನೋಡಿ. ಅಲ್ಲಿ ಸಿಗದಿದ್ದರೆ ಸಂಜೆ ಕಟ್ಟಡದ ಪಶ್ಚಿಮಕ್ಕಿರುವ ಓಪರ್ನ್‌ಗಾಸೆ ಬೀದಿಯ ಕಡೆಯ ಬಾಗಿಲಿಗೆ ಹೋಗಿ. ಮುಂಬಾಗಿಲಲ್ಲಿ ಕಾದು ನಿಂತರೆ ಉಪಯೋಗವಿಲ್ಲ. ಸಂಜೆಯ ಕೌಂಟರ್ ಪ್ರದರ್ಶನಕ್ಕೆ ಸುಮಾರು ಎಂಬತ್ತು ನಿಮಿಷ ಮೊದಲು ತೆರೆಯುವುದು ರೂಢಿ. ಸಾಮಾನ್ಯ ದಿನಗಳಲ್ಲಿ ಅದಕ್ಕೂ ಒಂದು ಗಂಟೆ ಮೊದಲು ಕ್ಯೂ ಸೇರಿದರೆ ಜಾಗ ಆರಿಸಿಕೊಳ್ಳುವ ಅವಕಾಶ ಇರುತ್ತದೆ. ಹೆಸರಾಂತ ಗಾಯಕರು ಹಾಡುವ ದಿನ ಮಧ್ಯಾಹ್ನದಿಂದಲೇ ಜನ ಮಡಚುವ ಸ್ಟೂಲು ತಂದು ಕೂತಿರುತ್ತಾರೆ. ಕ್ಯೂನಲ್ಲಿ ಒಬ್ಬರು ನಿಂತು ನಾಲ್ವರಿಗೆ ಟಿಕೆಟ್ ತೆಗೆಯಬಹುದು ಎಂದುಕೊಳ್ಳಬೇಡಿ. ಎಲ್ಲರೂ ನಿಲ್ಲಿ.

ನಿಲ್ಲುವ ಜಾಗ ಮೂರು ಕಡೆ ಇದೆ: ಕೆಳಗಿನ ಪಾರ್ಟೆರ್, ಮೇಲಿನ ಬಾಲ್ಕನ್, ಎಲ್ಲಕ್ಕಿಂತ ಮೇಲಿನ ಗ್ಯಾಲರಿ. ಪಾರ್ಟೆರ್ ಸಿಕ್ಕರೆ ಬೇರೆ ಯೋಚನೆ ಬೇಡ. ಅದು ನಡುವಿನ ದೊಡ್ಡ ಬಾಕ್ಸಿನ, ಅಂದರೆ ಕೋಣೆಯಂಥ ಆಸನ ವಿಭಾಗದ, ನೇರ ಕೆಳಗಿದೆ, ವೇದಿಕೆ ಎದುರಿಗೇ ಕಾಣುತ್ತದೆ. ಹತ್ತು ಪಟ್ಟು ಹೆಚ್ಚು ಕೊಟ್ಟು ಪಕ್ಕದ ಬಾಕ್ಸಿನಲ್ಲಿ ಕೂತವರಿಗೂ ಈ ನೋಟ ಸಿಗುವುದಿಲ್ಲ. ಅದು ತುಂಬಿದ್ದರೆ ಗ್ಯಾಲರಿಯ ಮಧ್ಯಭಾಗ ನೋಡಿ. ಎತ್ತರ ಜಾಸ್ತಿ, ಮುಖಗಳು ಸಣ್ಣಗೆ ಕಾಣುತ್ತವೆ, ಆದರೆ ದನಿ ಚೆನ್ನಾಗಿ ಬರುತ್ತದೆ. ಗ್ಯಾಲರಿಯ ಎರಡು ತುದಿಗಳಲ್ಲಿ ಮಾತ್ರ ನಿಲ್ಲಬೇಡಿ. ಅಲ್ಲಿಂದ ಅರ್ಧ ವೇದಿಕೆ ಕಾಣುವುದಿಲ್ಲ, ಮುಖ್ಯ ದೃಶ್ಯ ಸಾಮಾನ್ಯವಾಗಿ ಆ ಕಾಣದ ಅರ್ಧದಲ್ಲೇ ನಡೆಯುತ್ತದೆ.

ಜಾಗಕ್ಕೆ ನಂಬರ್ ಹಂಚದೆ ಮೊದಲು ಬಂದವರಿಗೆ ಮೊದಲು ಎಂದಿರುವ ಕಡೆ ಹಳೆಯ ಪದ್ಧತಿಯೊಂದು ನಡೆಯುತ್ತದೆ. ಒಳಗೆ ಹೋದ ಕೂಡಲೇ ಎದೆಯೆತ್ತರದ ಕಟಕಟೆಯ ಮುಂದೆ ನಿಮ್ಮ ಜಾಗ ಹಿಡಿದು, ತೆಳುವಾದ ಒಂದು ಸ್ಕಾರ್ಫ್ ಅಥವಾ ದೊಡ್ಡ ಕರವಸ್ತ್ರವನ್ನು ಕಂಬಿಗೆ ಒಂದು ಗಂಟು ಹಾಕಿ ಕಟ್ಟಿ. ಅದು ನಿಮ್ಮ ಜಾಗದ ಗುರುತು. ಆಮೇಲೆ ನಿಶ್ಚಿಂತೆಯಿಂದ ಹೊರಗೆ ಹೋಗಿ ಏನಾದರೂ ತಿಂದು ಬನ್ನಿ, ಯಾರೂ ಅದನ್ನು ಬಿಚ್ಚುವುದಿಲ್ಲ. ಜಾಕೆಟ್ ನೇತುಹಾಕಿದರೆ, ಬ್ಯಾಗ್ ಇಟ್ಟರೆ ನಡೆಯದು. ದಪ್ಪ ಕೋಟು, ದೊಡ್ಡ ಚೀಲ, ಕೊಡೆಗಳನ್ನು ಸಾಮಾನು ಇಡುವ ಕೌಂಟರಿನಲ್ಲಿ ಕೊಟ್ಟುಬರಬೇಕು. ಕಟಕಟೆಯಲ್ಲಿ ಪುಟ್ಟ ಪರದೆ ಇರುತ್ತದೆ, ಅದರ ಮೇಲೆ ಭಾಷೆ ಆರಿಸಿಕೊಂಡರೆ ಹಾಡಿನ ಅರ್ಥ ಬರುತ್ತಾ ಹೋಗುತ್ತದೆ. ಮೊದಲ ಸಾಲಿನ ಕಂಬಿಗೆ ಇಷ್ಟು ಬೇಡಿಕೆ ಬರಲು ಒರಗಿಕೊಳ್ಳಲು ಆಸರೆ, ತಲೆಗಳ ಅಡ್ಡಿಯಿಲ್ಲದ ನೋಟ, ಎರಡೂ ಕಾರಣ.

ನಿಂತು ನೋಡುವವರು ಸೋಲುವುದು ಸಂಗೀತಕ್ಕಲ್ಲ, ಕಾಲಿಗೆ. ಹಗಲೆಲ್ಲಾ ಅರಮನೆ, ಮ್ಯೂಸಿಯಂ ಎಂದು ಹತ್ತು ಕಿಲೋಮೀಟರ್ ನಡೆದು, ಹೊಟ್ಟೆಗೆ ಏನೂ ಹಾಕದೆ, ಹೊಸ ಬೂಟು ತೊಟ್ಟು ಬಂದರೆ ಮೊದಲ ಅಂಕದಲ್ಲೇ ತಲೆಸುತ್ತು ಬರುತ್ತದೆ. ಮೇಲಿನ ಗ್ಯಾಲರಿಯಲ್ಲಿ ಸೆಕೆಯೂ ಇರುತ್ತದೆ. ಒಪೆರಾ ಇರುವ ದಿನ ಮಧ್ಯಾಹ್ನ ಎರಡು ಗಂಟೆ ಮಲಗಿ. ಐದರ ಹೊತ್ತಿಗೆ ಏನಾದರೂ ತಿನ್ನಿ. ನಿಂತಾಗ ಮಂಡಿಯನ್ನು ಬಿಗಿಹಿಡಿಯದೆ ಆಗಾಗ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿರಿ. ಮೊದಲ ಸಲ ಹೋಗುವವರು ಪುಚ್ಚೀನಿ ಎಂಬ ರಚನೆಕಾರನ ಒಪೆರಾ ಆರಿಸಿಕೊಳ್ಳಿ. ಅವನ ಹೆಚ್ಚಿನ ಕೃತಿಗಳು ವಿರಾಮ ಸೇರಿ ಎರಡೂವರೆ, ಮೂರು ಗಂಟೆಯಲ್ಲಿ ಮುಗಿಯುತ್ತವೆ. ವಾಗ್ನರ್ ಎಂದರೆ ಐದು ಗಂಟೆ ನಿಲ್ಲಬೇಕಾಗಬಹುದು. ಅದು ಎರಡನೇ ಭೇಟಿಗಿರಲಿ.

ಉಡುಪಿನ ಬಗ್ಗೆ ವೃಥಾ ಭಯ ಇಟ್ಟುಕೊಳ್ಳಬೇಡಿ. ಸೂಟು ಬೇಕಿಲ್ಲ. ಚೊಕ್ಕ ಪ್ಯಾಂಟು ಶರಟು, ಚೂಡಿದಾರ್, ಸೀರೆ ಎಲ್ಲವೂ ನಡೆಯುತ್ತದೆ. ಚಡ್ಡಿ, ಹವಾಯಿ ಚಪ್ಪಲಿ ನಡೆಯುವುದಿಲ್ಲ. ತಡವಾಗಿ ಬಂದವರನ್ನು ವಿರಾಮದವರೆಗೆ ಒಳಗೆ ಬಿಡುವುದಿಲ್ಲ, ಎಷ್ಟು ಕೇಳಿಕೊಂಡರೂ.

ಕೆಂಪು ನಿಲುವಂಗಿ, ಬಿಳಿ ವಿಗ್

ಒಪೆರಾದ ಮುಂದಿನ ಚೌಕದಲ್ಲಿ ಮೊಝಾರ್ಟ್ ಕಾಲದ ಕೆಂಪು ನಿಲುವಂಗಿ, ಬಿಳಿ ವಿಗ್ ತೊಟ್ಟವರು ಟಿಕೆಟ್ ಹಿಡಿದು ಮಾತನಾಡಿಸುತ್ತಾರೆ. ಅವರು ಮಾರುವುದು ಪ್ರವಾಸಿಗರಿಗಾಗಿ ಬೇರೆ ಸಭಾಂಗಣಗಳಲ್ಲಿ ನಡೆಸುವ ಸಂಗೀತ ಸಂಜೆಗಳ ಟಿಕೆಟ್. ಅದು ಮೋಸ ಎಂದೇನಲ್ಲ, ಜನಪ್ರಿಯ ತುಣುಕುಗಳನ್ನು ಆರಿಸಿ ನುಡಿಸುತ್ತಾರೆ, ಮಕ್ಕಳಿರುವ ಮನೆಯವರಿಗೆ ಹಿಡಿಸಲೂಬಹುದು. ಆದರೆ ಅದು ಒಪೆರಾ ಪ್ರದರ್ಶನವಲ್ಲ, ಮತ್ತು ನಿಲ್ಲುವ ಟಿಕೆಟ್ಟಿಗಿಂತ ಹಲವು ಪಟ್ಟು ದುಬಾರಿ. ಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿ: ಯಾವ ಸಭಾಂಗಣ, ಯಾವ ವಾದ್ಯವೃಂದ? ಸ್ಪಷ್ಟ ಉತ್ತರ ಬರದಿದ್ದರೆ ಮುಂದೆ ನಡೆಯಿರಿ.

ನಿಜವಾದ ಸಂಗೀತ ಕಚೇರಿ ಬೇಕಿದ್ದರೆ ಅಲ್ಲಿಂದ ಹತ್ತು ನಿಮಿಷ ನಡೆದರೆ ಮುಸೀಕ್‌ಫೆರೈನ್ ಇದೆ. ಥಿಯೋಫಿಲ್ ಹಾನ್ಸೆನ್ ವಿನ್ಯಾಸ ಮಾಡಿದ ಈ ಕಟ್ಟಡ 1870ರ ಜನವರಿಯಲ್ಲಿ ತೆರೆಯಿತು. ವಿಯೆನ್ನಾ ಫಿಲ್ಹಾರ್ಮೋನಿಕ್‌ನ ಹೊಸವರ್ಷದ ಕಚೇರಿ ನಡೆಯುವುದು ಇದರ ಚಿನ್ನದ ಸಭಾಂಗಣದಲ್ಲೇ. ಉದ್ದನೆಯ ಪೆಟ್ಟಿಗೆಯಂಥ ಆಕಾರ ಇದ್ದು, ಗೋಡೆಗಳಿಂದ ಮರಳಿದ ನಾದ ಎಲ್ಲಾ ಕಡೆಯಿಂದ ಸುತ್ತುವರಿಯುತ್ತದೆ. ಇಲ್ಲೂ ನಿಲ್ಲುವ ಜಾಗವಿದೆ, ಸಭಾಂಗಣದ ತೀರಾ ಹಿಂದೆ. ಕಂಬಿಯ ಸಾಲಿನಲ್ಲಿ ನಿಂತವರಿಗೆ ಬಿಟ್ಟರೆ ಉಳಿದವರಿಗೆ ವೇದಿಕೆ ಸರಿಯಾಗಿ ಕಾಣದು. ಕೇಳುವುದಕ್ಕೆ ಮಾತ್ರ ಕೊರತೆಯಿಲ್ಲ. ಒಂದು ಕೃತಿಗೆ ಮೂರು ನಾಲ್ಕು ಭಾಗಗಳಿರುತ್ತವೆ, ಭಾಗಗಳ ನಡುವೆ ಚಪ್ಪಾಳೆ ತಟ್ಟುವುದಿಲ್ಲ. ಅನುಮಾನವಿದ್ದರೆ ವಾದ್ಯವೃಂದವನ್ನು ನಡೆಸುವವರ ಕೈ ಪೂರ್ತಿ ಕೆಳಗಿಳಿಯುವವರೆಗೆ ಕಾಯಿರಿ.

ಬಿಟ್ಟಿ ಸಂಜೆಗಳು

ಏಪ್ರಿಲ್, ಮೇ, ಜೂನ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಒಳಗೆ ನಡೆಯುವ ಹಲವು ಪ್ರದರ್ಶನಗಳನ್ನು ಒಪೆರಾದ ಪಕ್ಕದ ಚೌಕದಲ್ಲಿ ದೊಡ್ಡ ಪರದೆಯ ಮೇಲೆ ನೇರವಾಗಿ ತೋರಿಸುತ್ತಾರೆ. ಕುರ್ಚಿ ಹಾಕಿರುತ್ತಾರೆ, ದುಡ್ಡಿಲ್ಲ. ಅರ್ಧ ಗಂಟೆ ಮೊದಲು ಹೋಗಿ ಕೂರಿ. ಮೇ ತಿಂಗಳಲ್ಲೂ ರಾತ್ರಿ ಒಂಬತ್ತರ ಮೇಲೆ ಚಳಿ ಏರುತ್ತದೆ, ಒಂದು ಸ್ವೆಟರ್ ಇರಲಿ.

ಜುಲೈ, ಆಗಸ್ಟ್‌ನಲ್ಲಿ ಒಪೆರಾ ಮುಚ್ಚಿರುತ್ತದೆ. ಅದೊಂದಕ್ಕೇ ಹೋಗುವವರು ಆ ಎರಡು ತಿಂಗಳು ಟಿಕೆಟ್ ಬುಕ್ ಮಾಡಬೇಡಿ. ಆ ಹೊತ್ತಿನಲ್ಲಿ ನಗರಸಭೆಯ ಮುಂದಿನ ರಾಟ್‌ಹೌಸ್‌ಪ್ಲಾಟ್ಸ್ ಮೈದಾನದಲ್ಲಿ ಒಪೆರಾ, ಬ್ಯಾಲೆ, ಸಂಗೀತ ಕಚೇರಿಗಳ ಚಿತ್ರಗಳನ್ನು ಬಯಲಿನಲ್ಲಿ ತೋರಿಸುತ್ತಾರೆ. ಅದೂ ಉಚಿತ. ಸುತ್ತ ನಾನಾ ದೇಶಗಳ ತಿನಿಸಿನ ಮಳಿಗೆ. ಬೇಸಿಗೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ಒಂಬತ್ತರ ಸುಮಾರಿಗೆ, ಹಾಗಾಗಿ ಚಿತ್ರ ಕತ್ತಲಾದ ಮೇಲೆಯೇ. ಮಧ್ಯದ ಒಳ್ಳೆಯ ಕುರ್ಚಿ ಬೇಕಿದ್ದರೆ ಬೆಳಕಿದ್ದಾಗಲೇ ಊಟ ಮುಗಿಸಿ ಕೂತುಬಿಡಿ. ಜೂನ್‌ನಲ್ಲಿ ಡ್ಯಾನ್ಯೂಬ್ ದ್ವೀಪದ ಮೇಲೆ ಮೂರು ದಿನ ನಡೆಯುವ ಡೋನೌಇನ್ಸೆಲ್‌ಫೆಸ್ಟ್ ಕೂಡ ಬಿಟ್ಟಿ. 1984ರಿಂದ ನಡೆಯುತ್ತಿರುವ ಈ ಹಬ್ಬಕ್ಕೆ ಜನಸಾಗರ ಸೇರುತ್ತದೆ. ಅಲ್ಲಿಗೆ ಹೋಗುವವರು ಜೊತೆಯವರು ತಪ್ಪಿಹೋದರೆ ಎಲ್ಲಿ ಸೇರಬೇಕು ಎಂದು ಮೊದಲೇ ಮಾತಾಡಿಕೊಳ್ಳಿ.

ಇನ್ನೊಂದು ಸುಲಭದ ಸಂಜೆ ಮ್ಯೂಸಿಯಂಗಳದ್ದು. ಕಲಾ ಇತಿಹಾಸ ಮ್ಯೂಸಿಯಂ ಗುರುವಾರ, ಆಲ್ಬರ್ಟೀನಾ ಬುಧವಾರ ಮತ್ತು ಶುಕ್ರವಾರ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತವೆ. ಏಳರ ನಂತರ ಗುಂಪು ಕರಗಿ, ಬ್ರೂಗೆಲ್‌ನ ಚಿತ್ರಗಳ ಮುಂದೆ ಯಾರ ಮೊಣಕೈಯೂ ತಾಗದಂತೆ ನಿಲ್ಲಬಹುದು.

ಹೊಯ್ರಿಗರ್: ದ್ರಾಕ್ಷಿ ತೋಟದ ಅಂಗಳ

ನಗರದ ಮಿತಿಯೊಳಗೇ ಸುಮಾರು 600 ಹೆಕ್ಟೇರ್ ದ್ರಾಕ್ಷಿ ತೋಟ ಇರುವ ರಾಜಧಾನಿ ಇನ್ನೊಂದು ಸಿಗುವುದು ಕಷ್ಟ. 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಬೆಳೆಗಾರರಿಗೆ ತಮ್ಮ ವೈನನ್ನು ತಮ್ಮ ಮನೆಯಲ್ಲೇ ಮಾರಲು ಅನುಮತಿ ಕೊಟ್ಟ. ಅಲ್ಲಿಂದ ಬೆಳೆದುಬಂದದ್ದು ಹೊಯ್ರಿಗರ್. ಬಾಗಿಲ ಮೇಲೆ ಪೈನ್ ಮರದ ಹಸಿರು ಕೊಂಬೆಗಳ ಗೊಂಚಲು ನೇತಾಡುತ್ತಿದ್ದರೆ ಆ ದಿನ ತೆರೆದಿದೆ ಎಂದರ್ಥ. ಹಲವು ಮನೆಗಳು ವರ್ಷದ ಕೆಲವು ವಾರ ಮಾತ್ರ ತೆರೆಯುತ್ತವೆ, ಆದ್ದರಿಂದ ಹೋಗುವ ಮೊದಲು ವಿಚಾರಿಸಿ. ಕಳೆದ ವರ್ಷ ಯಾರೋ ಹೊಗಳಿದ ಮನೆಗೆ ಟ್ರಾಮ್ ಹತ್ತಿ ಹೋಗಿ ಬೀಗ ನೋಡಿ ಬರುವುದು ಬಹಳ ಜನರಿಗೆ ಆಗುವ ಪಜೀತಿ.

ಎಲ್ಲಿಗೆ ಹೋಗಬೇಕು? ಷೊಟೆನ್‌ಟೋರ್‌ನಿಂದ 38ನೇ ಟ್ರಾಮ್ ಹತ್ತಿದರೆ ಗ್ರಿನ್ಸಿಂಗ್. ಅಲ್ಲಿ ಪ್ರವಾಸಿ ಬಸ್ಸುಗಳು ಬಂದು ನಿಲ್ಲುತ್ತವೆ, ದರವೂ ಗದ್ದಲವೂ ಜಾಸ್ತಿ. ಡಿ ಟ್ರಾಮ್‌ನಲ್ಲಿ ಕೊನೆಯವರೆಗೆ ಹೋದರೆ ನುಸ್‌ಡೋರ್ಫ್. 35ಎ ಬಸ್ಸಿನಲ್ಲಿ ನೊಯ್‌ಷ್ಟಿಫ್ಟ್. ಷೊಟೆನ್‌ರಿಂಗ್‌ನಿಂದ 31ನೇ ಟ್ರಾಮ್‌ನ ಕೊನೆಯ ನಿಲ್ದಾಣ ಷ್ಟಾಮರ್ಸ್‌ಡೋರ್ಫ್. ಇದು ನದಿಯ ಆಚೆ ಇರುವುದರಿಂದ ದಾರಿ ಸ್ವಲ್ಪ ದೂರ, ಆದರೆ ಪಕ್ಕದ ಮೇಜಿನಲ್ಲಿ ಊರಿನವರೇ ಕೂತಿರುತ್ತಾರೆ. ನಮ್ಮ ಶಿಫಾರಸು ಷ್ಟಾಮರ್ಸ್‌ಡೋರ್ಫ್. ಬಿಯರ್ ಸಿಗದ, ತಮ್ಮದೇ ವೈನ್ ಮಾತ್ರ ಕೊಡುವ ಮನೆ ಸಿಕ್ಕರೆ ಅದು ಹಳೆಯ ರೀತಿಯದ್ದು ಎಂದು ಧೈರ್ಯವಾಗಿ ಒಳಗೆ ಹೋಗಿ.

ಒಳಗಿನ ಕ್ರಮ ಹೀಗಿದೆ. ಖಾಲಿ ಮೇಜು ನೋಡಿ ನೀವೇ ಕೂರಿ, ಕಾದಿರಿಸಿದ ಚೀಟಿ ಇದೆಯೇ ಎಂದು ನೋಡಿಕೊಂಡು. ಕುಡಿಯುವುದನ್ನು ಮೇಜಿಗೆ ಬಂದವರ ಹತ್ತಿರ ಹೇಳಬೇಕು. ತಿನ್ನುವುದನ್ನು ಒಳಗಿನ ಕೌಂಟರಿಗೆ ಹೋಗಿ ನೀವೇ ತರಬೇಕು. ಅನೇಕ ಕಡೆ ಅಲ್ಲಿಯೇ ದುಡ್ಡು ಕೊಟ್ಟುಬಿಡಬೇಕು. ಇದು ತಿಳಿಯದೆ ಮೆನು ಬರಲಿ ಎಂದು ಅರ್ಧ ಗಂಟೆ ಕಾದು ಕೂರುವವರಿದ್ದಾರೆ. ವೈನಿನ ಅಳತೆ ಎರಡು: ಫಿಯರ್ಟೆಲ್ ಎಂದರೆ ಕಾಲು ಲೀಟರ್, ಆಖ್ಟೆಲ್ ಎಂದರೆ ಅದರ ಅರ್ಧ. ಮೊದಲು ಆಖ್ಟೆಲ್ ಹೇಳಿ. ಕೇಳಬೇಕಾದದ್ದು ಗೆಮಿಷ್ಟರ್ ಸಾಟ್ಸ್. ಒಂದೇ ತೋಟದಲ್ಲಿ ಹಲವು ತಳಿಯ ಬಳ್ಳಿಗಳನ್ನು ಬೆರೆಸಿ ನೆಟ್ಟು, ಒಟ್ಟಿಗೆ ಕೊಯ್ದು, ಒಟ್ಟಿಗೇ ಹಿಂಡಿ ಮಾಡುವ ಬಿಳಿ ವೈನ್ ಇದು, ವಿಯೆನ್ನಾದ ಸ್ವಂತದ್ದು. ಸಂಜೆ ಉದ್ದ ಇದ್ದರೆ ಷ್ಪ್ರಿಟ್ಸರ್ ಕೇಳಿ, ಅರ್ಧ ವೈನ್ ಅರ್ಧ ಸೋಡಾ. ಕುಡಿಯದವರಿಗೆ ಟ್ರೌಬೆನ್‌ಸಾಫ್ಟ್, ಅಂದರೆ ದ್ರಾಕ್ಷಿ ರಸ, ಸೋಡಾ ಬೆರೆಸಿದರೆ ಇನ್ನೂ ಚೆನ್ನ.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಷ್ಟುರ್ಮ್ ಎಂಬ ಮಬ್ಬು ಬಣ್ಣದ ಪಾನೀಯ ಬರುತ್ತದೆ. ಇನ್ನೂ ಹುಳಿಬರುತ್ತಿರುವ ರಸ ಅದು. ಸಿಹಿಯಾಗಿ ಜ್ಯೂಸಿನ ಹಾಗಿರುವುದರಿಂದ ಗಟಗಟನೆ ಇಳಿಯುತ್ತದೆ, ಏರುವುದು ಆಮೇಲೆ ಗೊತ್ತಾಗುತ್ತದೆ, ಹೊಟ್ಟೆಯೂ ಕೆಡಬಹುದು. ಎರಡು ಲೋಟ ಮಿತಿ. ಬಾಟಲಿಯಲ್ಲಿ ಕೊಂಡರೆ ನೆಟ್ಟಗೆ ಹಿಡಿದು ತನ್ನಿ. ಗ್ಯಾಸು ಹೊರಹೋಗಲೆಂದು ಮುಚ್ಚಳ ಸಡಿಲ ಇಟ್ಟಿರುತ್ತಾರೆ, ಬ್ಯಾಗಿನಲ್ಲಿ ಅಡ್ಡ ಇಟ್ಟರೆ ಬಟ್ಟೆಯೆಲ್ಲ ಅಂಟಂಟು. ಬಿಗಿಯಾಗಿ ಮುಚ್ಚಿದರೆ ಬಾಟಲಿಯೇ ಒಡೆದೀತು.

ಸಸ್ಯಾಹಾರಿಗಳಿಗೆ ಲಿಪ್ಟೌವರ್ ಒಳ್ಳೆಯ ಆಸರೆ: ಮೃದು ಚೀಸಿಗೆ ಪಾಪ್ರಿಕಾ ಮೆಣಸಿನ ಪುಡಿ, ಈರುಳ್ಳಿ ಕಲಸಿ ಕಪ್ಪು ಬ್ರೆಡ್ಡಿಗೆ ಹಚ್ಚಿಕೊಳ್ಳುವುದು. ಕೆಲವರು ಇದಕ್ಕೆ ಸಣ್ಣ ಮೀನು ಅರೆದು ಸೇರಿಸುತ್ತಾರೆ, ಆಲೂಗಡ್ಡೆ ಸಲಾಡಿಗೆ ದನದ ಮಾಂಸದ ಸಾರು ಹಾಕುವುದೂ ವಿಯೆನ್ನಾದ ರೂಢಿ. "ಓನೆ ಫ್ಲೈಷ್, ಓನೆ ಫಿಷ್?" ಎಂದು ಎರಡಕ್ಕೂ ಕೇಳಿ. ಮಾಂಸವಿಲ್ಲ, ಮೀನಿಲ್ಲ ತಾನೇ ಎಂದರ್ಥ.

ಅಂಗಳದಲ್ಲಿ ಅಕಾರ್ಡಿಯನ್, ಪಿಟೀಲು ಹಿಡಿದವರು ಮೇಜಿನಿಂದ ಮೇಜಿಗೆ ಬರಬಹುದು. ಇದರ ಬೇರು ಷ್ರಾಮೆಲ್ ಸಂಗೀತದಲ್ಲಿದೆ. ಯೋಹಾನ್ ಮತ್ತು ಯೋಸೆಫ್ ಷ್ರಾಮೆಲ್ ಸಹೋದರರು 1878ರಲ್ಲಿ ನುಸ್‌ಡೋರ್ಫ್‌ನಲ್ಲಿ ಕಟ್ಟಿದ ತಂಡದಿಂದ ಆ ಹೆಸರು ಬಂತು. ನಿಮ್ಮ ಮೇಜಿನ ಮುಂದೆ ನಿಂತು ನುಡಿಸಿದರೆ ಕೆಲವು ಯೂರೋ ಕೊಡುವುದು ಮರ್ಯಾದೆ. ಬೇಡವಾದರೆ ಶುರುವಾಗುವ ಮೊದಲೇ ನಗುತ್ತಾ ತಲೆಯಾಡಿಸಿ. ನುಡಿಸಲು ಬಿಟ್ಟು ಕೊನೆಗೆ ಮುಖ ತಿರುಗಿಸುವುದು ಚೆನ್ನಾಗಿರುವುದಿಲ್ಲ.

ಹನ್ನೊಂದರ ಮೇಲೆ

ಈಗ ನಗರದ ಮಧ್ಯಭಾಗ ಸುಮ್ಮನಾಗುತ್ತದೆ, ಜನ ಗ್ಯುರ್ಟೆಲ್ ಎಂಬ ಹೊರ ವರ್ತುಲ ರಸ್ತೆಯ ಕಡೆ ಹೊರಡುತ್ತಾರೆ. ವಾಸ್ತುಶಿಲ್ಪಿ ಓಟೋ ವಾಗ್ನರ್ 1890ರ ದಶಕದಲ್ಲಿ ಕಟ್ಟಿದ ರೈಲು ಸೇತುವೆ ಅಲ್ಲಿದೆ, ಇವತ್ತು ಅದರ ಮೇಲೆ ಯು6 ಮೆಟ್ರೋ ಓಡುತ್ತದೆ. ಕೆಳಗಿನ ಇಟ್ಟಿಗೆ ಕಮಾನುಗಳೊಳಗೆ ಬಾರು, ಸಂಗೀತ ಕ್ಲಬ್ಬುಗಳು ಸಾಲಾಗಿವೆ: ಚೆಲ್ಸೀ, ರಿಝ್, ಬಿ72. ಆಲ್ಸರ್ ಷ್ಟ್ರಾಸೆ ನಿಲ್ದಾಣದಲ್ಲಿ ಇಳಿದು ಟಾಲಿಯಾಷ್ಟ್ರಾಸೆವರೆಗೆ ನಡೆದರೆ ಬಹುಪಾಲು ಕಣ್ಣಿಗೆ ಬೀಳುತ್ತವೆ. ತಂಡಗಳ ನುಡಿತ ಸಾಮಾನ್ಯವಾಗಿ ಒಂಬತ್ತಕ್ಕೆ, ಕುಣಿತ ಹನ್ನೊಂದರ ಮೇಲೆ. ಕಮಾನು ಕಿರಿದಾದ್ದರಿಂದ ಸದ್ದು ಗೋಡೆಗೆ ಬಡಿದು ಕಿವಿ ಗುಂಯ್‌ಗುಡುತ್ತದೆ, ಕಿವಿಗೆ ಹಾಕುವ ಪ್ಲಗ್ ಜೇಬಿನಲ್ಲಿರಲಿ. ಎರಡೂ ಬದಿ ವೇಗದ ರಸ್ತೆ, ಸಿಗ್ನಲ್ ಇರುವಲ್ಲಿ ಮಾತ್ರ ದಾಟಿ.

ಕ್ಲಬ್ ಬೇಡ, ಕೂತು ಕೇಳಬೇಕು ಎನ್ನುವವರಿಗೆ ಜಾಝ್ ಇದೆ. ಜಾಝ್‌ಲ್ಯಾಂಡ್ 1972ರಿಂದ ರುಪ್ರೆಕ್ಟ್ ಚರ್ಚಿನ ಕೆಳಗಿನ ನೆಲಮಾಳಿಗೆಯಲ್ಲಿ ನಡೆಯುತ್ತಿದೆ. ಹೊಸ ಬಗೆಯದಕ್ಕೆ ಪೋರ್ಗಿ ಅಂಡ್ ಬೆಸ್. ಬೇಸಿಗೆಯಲ್ಲಿ ಷ್ವೇಡೆನ್‌ಪ್ಲಾಟ್ಸ್ ಹತ್ತಿರ ಡ್ಯಾನ್ಯೂಬ್ ಕಾಲುವೆಯ ದಡಕ್ಕಿಳಿದರೆ ಗೋಡೆ ತುಂಬಾ ಗೀಚುಚಿತ್ರ, ಮರಳು ಹಾಸಿದ ಬಾರುಗಳು, ಮೆಟ್ಟಿಲ ಮೇಲೆ ಕೂತ ಹುಡುಗ ಹುಡುಗಿಯರು. ಏನೂ ಕೊಳ್ಳದೆ ಕೂರಬಹುದು. ಪ್ರಾಟರ್‌ನ 1897ರ ದೈತ್ಯ ಚಕ್ರ ಏರಲು ದೀಪ ಹತ್ತುವ ಹೊತ್ತು ಸರಿ. ಪ್ರಾಟರ್ ಪಾರ್ಕಿಗೆ ಪ್ರವೇಶ ದರವಿಲ್ಲ, ಆಟಕ್ಕೆ ಮಾತ್ರ ದುಡ್ಡು. ಪಕ್ಕದ ಪ್ರಾಟರ್‌ಷ್ಟೆರ್ನ್ ನಿಲ್ದಾಣದ ಚೌಕದಲ್ಲಿ ಮದ್ಯ ಕುಡಿಯುವುದು ನಿಷಿದ್ಧ, ತೆರೆದ ಬಾಟಲಿ ಹಿಡಿದು ಅಲ್ಲಿ ಓಡಾಡಬೇಡಿ.

ತಡರಾತ್ರಿ ಹಸಿವಾದರೆ ವ್ಯುರ್ಸ್ಟೆಲ್‌ಷ್ಟಾಂಡ್ ಎಂಬ ಸಾಸೇಜ್ ಗಾಡಿಗಳಿವೆ, ಒಪೆರಾ ನೋಡಿ ಬಂದ ಸೂಟಿನವರೂ ಟ್ಯಾಕ್ಸಿ ಚಾಲಕರೂ ಒಂದೇ ಹಲಗೆಗೆ ಮೊಣಕೈ ಊರಿ ತಿನ್ನುವ ಜಾಗ. ಕೇಸೆಕ್ರೈನರ್ ಎಂಬ ಸಾಸೇಜಿನೊಳಗೆ ಕರಗಿದ ಚೀಸ್ ಇರುತ್ತದೆ. ಬಿಸಿಯಲ್ಲೇ ಕಚ್ಚಿದರೆ ಚಿಮ್ಮಿ ನಾಲಿಗೆ ಸುಡುತ್ತದೆ, ಎದುರಿನವರ ಶರಟೂ ಹೋಗುತ್ತದೆ. ತುಂಡು ಮಾಡಿಸಿಕೊಂಡು ಎರಡು ನಿಮಿಷ ಬಿಡಿ. ಹೆಸರಿನಲ್ಲಿ ಚೀಸ್ ಇದ್ದರೂ ಅದು ಹಂದಿ ಮಾಂಸದ್ದು. ಸಸ್ಯಾಹಾರಿಗಳು ಕಾಫಿ ಹೌಸಿಗೆ ಹೋಗುವುದೇ ವಾಸಿ. ಒಂದು ಮೆಲಾಂಜ್ ಕಾಫಿ, ಜೊತೆಗೆ ಬರುವ ಲೋಟ ನೀರು ಇಟ್ಟುಕೊಂಡು ಮುಚ್ಚುವವರೆಗೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ಹಾವೆಲ್ಕಾದಲ್ಲಿ ರಾತ್ರಿ ಹೊತ್ತು ಪ್ಲಮ್ ಜಾಮ್ ತುಂಬಿದ ಬುಖ್ಟೆಲ್ನ್ ಎಂಬ ಬನ್ನುಗಳು ಒಲೆಯಿಂದ ಬಿಸಿಬಿಸಿ ಬರುತ್ತವೆ.

ಬಿಲ್ಲು ಕೊಡುವಾಗ ಒಂದು ಎಚ್ಚರ. 27 ಯೂರೋ ಬಿಲ್ಲಿಗೆ 50ರ ನೋಟು ಕೊಟ್ಟು "ಡಾಂಕೆ" ಎಂದರೆ ಚಿಲ್ಲರೆ ನೀವೇ ಇಟ್ಟುಕೊಳ್ಳಿ ಎಂದು ಅರ್ಥವಾಗಿಬಿಡುತ್ತದೆ. ಟಿಪ್ಸ್ ಸೇರಿಸಿ ಒಟ್ಟು ಎಷ್ಟು ಎಂದು ಬಾಯಲ್ಲಿ ಹೇಳಿ: "ಡ್ರೈಸಿಗ್", ಮೂವತ್ತು. ಉಳಿದ ಇಪ್ಪತ್ತು ಕೈಗೆ ಬರುತ್ತದೆ. ಶೇಕಡ 5ರಿಂದ 10 ಟಿಪ್ಸ್ ಸಾಕು.

ಚಳಿಗಾಲದ ನೃತ್ಯಕೂಟ

ನವೆಂಬರ್ 11ರಿಂದ ಈಸ್ಟರ್‌ಗೆ ಮುಂಚಿನ ಬೂದಿ ಬುಧವಾರದವರೆಗೆ ನೃತ್ಯಕೂಟಗಳ ಕಾಲ. ವೈದ್ಯರದ್ದು, ಕಾಫಿ ಹೌಸಿನವರದ್ದು, ಮಿಠಾಯಿ ಮಾಡುವವರದ್ದು ಎಂದು ವೃತ್ತಿಗೊಂದು ಬಾಲ್, ಅಂದರೆ ನೃತ್ಯಕೂಟ, ನಡೆಯುತ್ತದೆ, ಬಹಳಷ್ಟಕ್ಕೆ ಹೊರಗಿನವರೂ ಟಿಕೆಟ್ ಕೊಳ್ಳಬಹುದು. ಜನವರಿ, ಫೆಬ್ರವರಿ ಮುಖ್ಯ ತಿಂಗಳು. ಹೆಂಗಸರಿಗೆ ನೆಲಮುಟ್ಟುವ ಉಡುಪು ಎಂಬ ನಿಯಮ ಕಟ್ಟುನಿಟ್ಟು. ಸೀರೆ ಅದಕ್ಕೆ ಹೊಂದುತ್ತದೆ, ಆದರೂ ಟಿಕೆಟ್ ಕೊಳ್ಳುವಾಗ ಬರೆದು ಕೇಳಿ ಖಚಿತ ಮಾಡಿಕೊಳ್ಳಿ. ಒಂದು ತರಗತಿಯಾದರೂ ವಾಲ್ಟ್ಸ್ ಕುಣಿತ ಕಲಿತು ಹೋಗಿ, ಇಲ್ಲದಿದ್ದರೆ ಇಡೀ ರಾತ್ರಿ ಗೋಡೆಬದಿ ನಿಲ್ಲಬೇಕಾಗುತ್ತದೆ. ಒಪೆರಾದಲ್ಲೇ ನಡೆಯುವ ದೊಡ್ಡ ಬಾಲ್ ಬೂದಿ ಬುಧವಾರದ ಹಿಂದಿನ ಗುರುವಾರ. ಅದರ ತಯಾರಿಗಾಗಿ ಆ ಆಸುಪಾಸಿನ ದಿನಗಳಲ್ಲಿ ಒಪೆರಾ ಪ್ರದರ್ಶನ ಇರುವುದಿಲ್ಲ, ಪ್ರವಾಸದ ದಿನಾಂಕ ಗೊತ್ತುಮಾಡುವಾಗ ನೋಡಿಕೊಳ್ಳಿ.

ವಾಪಸು ಹೋಗುವುದು

ಶುಕ್ರವಾರ, ಶನಿವಾರ ಮತ್ತು ಸರ್ಕಾರಿ ರಜೆಯ ಹಿಂದಿನ ರಾತ್ರಿ ಮೆಟ್ರೋ ಬೆಳಗಿನವರೆಗೂ ಓಡುತ್ತದೆ, ಹದಿನೈದು ನಿಮಿಷಕ್ಕೊಂದು. ಉಳಿದ ದಿನ ಹನ್ನೆರಡೂವರೆಯ ಸುಮಾರಿಗೆ ನಿಲ್ಲುತ್ತದೆ. ಆಮೇಲೆ ಹೆಸರಿನ ಮುಂದೆ ಎನ್ ಅಕ್ಷರ ಇರುವ ರಾತ್ರಿ ಬಸ್ಸುಗಳು, ಬೆಳಗಿನ ಐದರವರೆಗೆ. ಹೊಯ್ರಿಗರ್ ಇರುವ ಹೊರವಲಯದಿಂದ ಟ್ರಾಮ್ ತಪ್ಪಿಸಿಕೊಂಡರೆ ಬಸ್ಸಿಗೆ ಬಹಳ ಕಾಯಬೇಕು. ನಿಲ್ದಾಣದಲ್ಲಿ ಇಳಿದ ಕೂಡಲೇ ವಾಪಸು ಬರುವ ಕೊನೆಯ ಟ್ರಾಮ್‌ನ ಹೊತ್ತನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ನಿಲ್ದಾಣಗಳಲ್ಲಿ ಗೇಟ್ ಇಲ್ಲ, ಹಾಗೆಂದು ಬಿಟ್ಟಿ ಅಲ್ಲ. ಕಾಗದದ ಟಿಕೆಟ್ ಕೊಂಡರೆ ಮಾತ್ರ ಸಾಲದು, ಅದರ ಮೇಲೆ ಸಮಯ ಮುದ್ರಿಸಿರದಿದ್ದರೆ ಪ್ರವೇಶದಲ್ಲಿರುವ ನೀಲಿ ಪೆಟ್ಟಿಗೆಗೆ ತೂರಿಸಿ ಮುದ್ರೆ ಹಾಕಿಸಬೇಕು. ಮುದ್ರೆಯಿಲ್ಲದ ಟಿಕೆಟ್ ಇದ್ದರೂ ದಂಡ ನೂರು ಯೂರೋ ಮೀರುತ್ತದೆ, ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲೇ ಇರುತ್ತಾರೆ. 24 ಗಂಟೆಯ ಟಿಕೆಟ್ ಲೆಕ್ಕ ಶುರುವಾಗುವುದು ಮುದ್ರೆ ಬಿದ್ದ ಕ್ಷಣದಿಂದ. ಸಂಜೆ ಐದಕ್ಕೆ ಹಾಕಿಸಿದರೆ ಇವತ್ತಿನ ರಾತ್ರಿ, ನಾಳೆಯ ಹಗಲು ಎರಡೂ ಅದರಲ್ಲೇ ಮುಗಿಯುತ್ತದೆ. ಅಂಗಡಿಗಳು ಭಾನುವಾರ ಮುಚ್ಚಿರುತ್ತವೆ, ಶನಿವಾರ ಸಂಜೆ ಆರಕ್ಕೇ ಬಾಗಿಲು ಹಾಕುತ್ತವೆ. ಹಾಲು, ಬ್ರೆಡ್ಡು, ಹಣ್ಣು ಬೇಕಿದ್ದರೆ ಸಂಜೆಯ ಕಾರ್ಯಕ್ರಮಕ್ಕೆ ಹೊರಡುವ ಮೊದಲೇ ತಂದಿಡಿ. ತೀರಾ ಮರೆತರೆ ದೊಡ್ಡ ರೈಲು ನಿಲ್ದಾಣಗಳೊಳಗಿನ ಅಂಗಡಿಗಳು ಭಾನುವಾರವೂ ತೆರೆದಿರುತ್ತವೆ.